ಐರ್ಲೆಂಡಿನ ಆಲೂಗಡ್ಡೆ ಕ್ಷಾಮ: ಬೋರ್ಡೋ ಆಗಲೇ ಇದ್ದಿದ್ದರೆ?

ತೀರ್ಥಹಳ್ಳಿ ತೋಟಿಗ

1845ರಲ್ಲಿ ಶುರುವಾದ ಐರ್ಲೆಂಡಿನ ಕ್ಷಾಮದ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಆಲೂಗಡ್ಡೆ ಕೊಳೆಸಿದ ಫೈಟಾಫ್ತೊರಾ ಎಂಬ ಬೂಷ್ಟು, ನಮ್ಮ ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಎರಡೂ ಒಂದೇ ಕುಲದವು. ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣ, ಎರಡಕ್ಕೂ ಆಗುತ್ತದೆ. ಹಾಗಿದ್ದಮೇಲೆ ಆ ರೋಗ ಒಂದೇ ಮಳೆಗಾಲದಲ್ಲಿ ದೇಶವೆಲ್ಲ ಹೇಗೆ ಹಬ್ಬಿತು, ಆಗಿನ ತಜ್ಞರು ರೈತರಿಗೆ ಏನು ಮಾಡಲು ಹೇಳಿದರು? ಬೋರ್ಡೋ ಆಗಲೇ ಇದ್ದಿದ್ದರೆ ಆ ಕ್ಷಾಮದಲ್ಲಿ ಸತ್ತ ಹತ್ತು ಲಕ್ಷ ಜನ ಉಳಿಯುತ್ತಿದ್ದರೇ? ಕೊಳೆ ಬಂದು ಇಡೀ ತೋಟದ ಫಸಲು ಉದುರಿದರೂ ನಮ್ಮಲ್ಲಿ ಸಾಲ ಆಗುತ್ತದೆಯೇ ಹೊರತು ಊರಿಗೆ ಊರೇ ಹಸಿವಿನಿಂದ ಸಾಯುವುದಿಲ್ಲ. ಅಲ್ಲಿ ಯಾಕೆ ಹಾಗಾಯಿತು?

ಕೊಪ್ಪದ ಸಸ್ಯರೋಗಿ

ಹಬ್ಬಿದ ದಾರಿ ಮೊದಲು. 1843ರಲ್ಲಿ ಅಮೆರಿಕದ ಫಿಲಡೆಲ್ಫಿಯಾ, ನ್ಯೂಯಾರ್ಕ್ ಸುತ್ತ ರೋಗ ಕಂಡಿತ್ತು. 1845ರ ಬೇಸಿಗೆಯಲ್ಲಿ ಬೆಲ್ಜಿಯಂ, ಆಗಸ್ಟ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ, ಸೆಪ್ಟೆಂಬರ್‌ನಲ್ಲಿ ಡಬ್ಲಿನ್.

ಎಲೆಯ ಅಂಚಿನಲ್ಲಿ ನೀರು ಕುಡಿದಂತಹ ಕಪ್ಪು ಮಚ್ಚೆ ಏಳುತ್ತದೆ. ಬೆಳಿಗ್ಗೆ ಎಲೆ ಮಗುಚಿದರೆ ಮಚ್ಚೆಯ ಸುತ್ತ ಬಿಳಿ ಬೂಷ್ಟು. ಅದರಲ್ಲಿರುವ ಬೀಜಕಚೀಲಗಳು ಗಾಳಿಗೆ ಹಾರುತ್ತವೆ. 10ರಿಂದ 15 ಡಿಗ್ರಿ ತಂಪು ಇದ್ದು ಎಲೆ ಒದ್ದೆಯಾಗಿದ್ದರೆ ಒಂದೊಂದು ಚೀಲವೂ ಒಡೆದು, ನೀರಲ್ಲಿ ಈಜುವ ಹಲವು ಬೀಜಕಗಳನ್ನು ಬಿಡುತ್ತದೆ. ನಾಲ್ಕೈದು ದಿನಕ್ಕೆ ಹೊಸ ಬೂಷ್ಟು ಸಿದ್ಧ. ಮಳೆ ಅದನ್ನು ತೊಳೆದು ಏರಿಗೆ ಇಳಿಸುತ್ತದೆ, ಮಣ್ಣಿನೊಳಗಿನ ಗೆಡ್ಡೆಗೂ ರೋಗ ತಾಗುತ್ತದೆ. ಅದಕ್ಕೇ ಅಗೆಯುವಾಗ ಚೆನ್ನಾಗಿ ಕಂಡ ಗೆಡ್ಡೆ ಗುಂಡಿಯಲ್ಲಿಟ್ಟ ಕೆಲವೇ ವಾರಕ್ಕೆ ನಾರುವ ಲೋಳೆಯಾಗುತ್ತಿತ್ತು.

ಬಡವರು ಬೆಳೆಯುತ್ತಿದ್ದದ್ದು ಹೆಚ್ಚಾಗಿ ಲಂಪರ್ ತಳಿ. ಬಡ ಮಣ್ಣಿನಲ್ಲೂ ಚೆನ್ನಾಗಿ ಇಳುವರಿ ಕೊಡುತ್ತಿತ್ತು. ಗೆಡ್ಡೆ ತುಂಡಿನಿಂದಲೇ ನಾಟಿ ಮಾಡುವುದರಿಂದ ಲಂಪರ್ ಗಿಡಗಳೆಲ್ಲ ತದ್ರೂಪು, ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಮೊದಲ ವರ್ಷ ಸುಮಾರು ಮೂರನೇ ಒಂದು ಭಾಗ ಹೋಯಿತು. ರೋಗ ಹೊತ್ತ ಗೆಡ್ಡೆಗಳೇ ಬಿತ್ತನೆಗೆ, ಕಸದ ಗುಡ್ಡೆಗೆ ಸೇರಿದ್ದರಿಂದ 1846ರಲ್ಲಿ ರೋಗ ಇನ್ನೂ ಬೇಗ ಎದ್ದು ಫಸಲನ್ನು ಬಹುಪಾಲು ನುಂಗಿತು. 1847ರಲ್ಲಿ ರೋಗ ಕಡಿಮೆ. ಆದರೆ ಬಿತ್ತನೆ ಗೆಡ್ಡೆಯನ್ನೇ ಜನ ತಿಂದು ಮುಗಿಸಿದ್ದರು: 1845ರಲ್ಲಿ 20 ಲಕ್ಷ ಎಕರೆ ಮೀರಿದ್ದ ಬೆಳೆ ಆ ವರ್ಷ 3 ಲಕ್ಷ ಎಕರೆಯನ್ನೂ ಮುಟ್ಟಲಿಲ್ಲ. 1848ರಲ್ಲಿ ಮತ್ತೆ ಕೊಳೆ.

ಇನ್ನು ತಜ್ಞರ ಸಲಹೆ. ಬ್ರಿಟನ್ನಿನ ಪ್ರಧಾನಿ ಪೀಲ್ 1845ರ ಅಕ್ಟೋಬರ್‌ನಲ್ಲಿ ರೋಗದ ಬಗ್ಗೆ ತನಿಖೆ ಮಾಡಲು ಲಿಂಡ್ಲೆ, ಪ್ಲೇಫೇರ್, ಕೇನ್ ಎಂಬ ಮೂವರು ವಿಜ್ಞಾನಿಗಳನ್ನು ನೇಮಿಸಿದರು. ಅತಿಯಾದ ತೇವವೇ ಕಾರಣ ಎಂಬುದು ಲಿಂಡ್ಲೆ ವಾದ. ಹಾಗಾಗಿ ಸಲಹೆಯೆಲ್ಲ ಒಣಗಿಸುವುದರ ಸುತ್ತಲೇ ಸುತ್ತಿತು: ಒಣಹವೆಯಲ್ಲಿ ಅಗೆಯಿರಿ, ಬಿಸಿಲಿಗೆ ಹರವಿ, ಗಾಳಿಯಾಡುವ ಗುಂಡಿಯಲ್ಲಿ ಸುಣ್ಣ ಬೆರೆಸಿದ ಒಣಪುಡಿಯ ನಡುವೆ ಇಡಿ, ಕೆಟ್ಟದ್ದನ್ನು ತುರಿದು ಬಟ್ಟೆಯಲ್ಲಿ ಸೋಸಿ ಪಿಷ್ಟ ತೆಗೆದು ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡಿ. ಬೆರೆಸಲು ಬೇಕಾದ ಹಿಟ್ಟೇ ಆ ಮನೆಗಳಲ್ಲಿರಲಿಲ್ಲ. ಗೆಡ್ಡೆಯೊಳಗೆ ರೋಗ ಸೇರಿದ ಮೇಲೆ ಗುಂಡಿ ಎಷ್ಟು ಒಣಗಿದ್ದರೂ ಪೂರ್ತಿ ಉಳಿಯುವುದಿಲ್ಲ. ಗಿಡದ ಹಸಿರನ್ನು ಮೊದಲೇ ಕೊಯ್ದು ದೂರ ಹಾಕಿ, ಎರಡು ವಾರ ಬಿಟ್ಟು ಅಗೆದಿದ್ದರೆ ಗೆಡ್ಡೆಗೆ ತಾಗುವುದಾದರೂ ಕಡಿಮೆಯಾಗುತ್ತಿತ್ತು.

ಬೂಷ್ಟೇ ರೋಗಕ್ಕೆ ಕಾರಣ ಎಂದು 1846ರಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದವರು ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ. ಬಹಳ ಜನ ಒಪ್ಪಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗ ಮಾಡಿ ತೋರಿಸಿದ ಮೇಲೆ ವಾದ ಮುಗಿಯಿತು. ಹದಿನೈದು ವರ್ಷ ಹೋಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಸಾಗರದ ಇತಿಹಾಸದ ಮೇಷ್ಟ್ರು

ಜನ ಸತ್ತದ್ದು ಯಾಕೆ ಎಂಬುದಕ್ಕೆ ಜಮೀನಿನ ಲೆಕ್ಕ ನೋಡಬೇಕು ಮಾರಾಯ್ರೆ. ಮೇಲೆ ಒಡೆಯ, ಕೆಳಗೆ ಗೇಣಿದಾರ, ಅವನ ಕೆಳಗೆ ಒಳಗೇಣಿ, ಎಲ್ಲರಿಗಿಂತ ಕೆಳಗೆ ಕೂಲಿಯವನು. ಒಂದೇ ಹಂಗಾಮಿಗೆಂದು ಹಿಡಿದ ತುಂಡು ನೆಲದಲ್ಲಿ ಅವನು ಆಲೂಗಡ್ಡೆ ಬೆಳೆದು ತಿನ್ನುತ್ತಿದ್ದ, ನೆಲದ ಬಾಡಿಗೆಯನ್ನು ದುಡಿದು ತೀರಿಸುತ್ತಿದ್ದ. ಓಟ್ಸ್, ಹಂದಿ ಇದ್ದವರಿಗೆ ಅದು ಗೇಣಿಗೆ ಹೋಗುತ್ತಿತ್ತು. ದುಡಿಯುವ ಗಂಡಸು ದಿನಕ್ಕೆ 5 ಕಿಲೋ ಮೀರಿ ಆಲೂಗಡ್ಡೆ ತಿನ್ನುತ್ತಿದ್ದ, ಜೊತೆಗೆ ಮಜ್ಜಿಗೆ. ಕೈಯಲ್ಲಿ ಕಾಸಿಲ್ಲ. ಗೆಡ್ಡೆ ಹೋದ ದಿನವೇ ಊಟ ಹೋಯಿತು. ಅಡಿಕೆ ಬೆಳೆಗಾರ ಅಕ್ಕಿ ಕೊಂಡು ಉಣ್ಣುತ್ತಾನೆ, ಅಡಿಕೆಯನ್ನೇ ಉಣ್ಣುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಪೀಲ್ ಸರ್ಕಾರ 1845ರ ಕೊನೆಗೆ ಗುಟ್ಟಾಗಿ 1 ಲಕ್ಷ ಪೌಂಡ್ ಬೆಲೆಯ ಮೆಕ್ಕೆಜೋಳವನ್ನು ಅಮೆರಿಕದಿಂದ ತರಿಸಿತು. ಅದು ಕಲ್ಲಿನಂಥ ಕಾಳು. ಎರಡು ಸಲ ಬೀಸಿ ಹೆಚ್ಚು ಹೊತ್ತು ಬೇಯಿಸಬೇಕು. ಅರೆಬೆಂದದ್ದನ್ನು ತಿಂದವರಿಗೆ ಹೊಟ್ಟೆ ಕೆಟ್ಟಿತು. ಆದರೂ ಮೊದಲ ವರ್ಷ ಸಾವು ಕಡಿಮೆ ಇದ್ದದ್ದಕ್ಕೆ ಆ ಜೋಳವೂ ಕಾರಣ. 1846ರ ಜೂನ್ ಕೊನೆಗೆ ರಸೆಲ್ ಸರ್ಕಾರ ಬಂತು. ಖಜಾನೆಯ ಅಧಿಕಾರಿ ಟ್ರೆವೆಲ್ಯಾನ್ ಕೈಗೆ ಪರಿಹಾರದ ಹಿಡಿತ ಸಿಕ್ಕಿತು. ವ್ಯಾಪಾರಕ್ಕೆ ಕೈ ಹಾಕಬಾರದು, ಕೂಲಿ ಕೊಟ್ಟರೆ ಜನ ಕೊಂಡು ತಿನ್ನುತ್ತಾರೆ ಎಂಬ ನಂಬಿಕೆ. ರಸ್ತೆ ಕೆಲಸ ಶುರುವಾಯಿತು, 1847ರ ಮಾರ್ಚ್‌ಗೆ 7 ಲಕ್ಷ ಜನ ಕಲ್ಲು ಒಡೆಯುತ್ತಿದ್ದರು. ದಿನಗೂಲಿ ಸುಮಾರು 8ರಿಂದ 10 ಪೆನ್ಸ್. ಅದೂ ತಡವಾಗಿ ಸಿಗುತ್ತಿತ್ತು. ಎಷ್ಟು ಕೆಲಸವೋ ಅಷ್ಟೇ ಕಾಸು ಎಂಬ ನಿಯಮದಿಂದ ನಿತ್ರಾಣರಿಗೆ ಇನ್ನೂ ಕಡಿಮೆ. ಧಾನ್ಯದ ಬೆಲೆ ಮಾತ್ರ ಏರುತ್ತಲೇ ಇತ್ತು.

ಸರಿಯಾಗಿ ಕೆಲಸ ಮಾಡಿದ್ದು ಗಂಜಿ ಕೇಂದ್ರ. 1847ರ ಜುಲೈನಲ್ಲಿ ದಿನಕ್ಕೆ 30 ಲಕ್ಷ ಜನರಿಗೆ ಊಟ ಸಿಕ್ಕಿತು. ಅದನ್ನು ಶರತ್ಕಾಲದ ಹೊತ್ತಿಗೆ ಮುಚ್ಚಿ ಇಡೀ ಹೊರೆಯನ್ನು ಐರ್ಲೆಂಡಿನ ಸ್ಥಳೀಯ ತೆರಿಗೆಯ ಮೇಲೆ ಹಾಕಿದರು. ಜೊತೆಗೆ ಪರಿಹಾರದ ಕಾನೂನಿಗೆ ಸೇರಿಸಿದ ಗ್ರೆಗರಿ ಕಲಮು: ಕಾಲು ಎಕರೆ, ಅಂದರೆ ನಮ್ಮ 10 ಗುಂಟೆಗಿಂತ ಹೆಚ್ಚು ಜಮೀನು ಹಿಡಿದವನಿಗೆ ಪರಿಹಾರ ಇಲ್ಲ. ಊಟ ಬೇಕೋ, ನೆಲ ಬೇಕೋ? ನೆಲ ಬಿಟ್ಟವರ ಗುಡಿಸಲನ್ನು ಒಡೆಯರು ಕೆಡವಿದರು. ಸಣ್ಣ ಹಿಡುವಳಿಗಳ ತೆರಿಗೆ ಒಡೆಯನ ತಲೆಗೇ ಬರುತ್ತಿದ್ದರಿಂದ ಒಕ್ಕಲೆಬ್ಬಿಸಿದರೆ ಅವನಿಗೆ ಲಾಭ.

ಬಹುಪಾಲು ಜನರನ್ನು ಕೊಂದದ್ದು ಟೈಫಸ್, ಮರುಕಳಿಸುವ ಜ್ವರ, ಆಮಶಂಕೆ. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿಯಿತು. ಹಡಗು ಹತ್ತಿದವರಿಗೂ ಜ್ವರ ಬಿಡಲಿಲ್ಲ. ಕೆನಡಾದ ಗ್ರೋಸ್ ಐಲ್ ದ್ವೀಪದಲ್ಲಿ 1847ರಲ್ಲೇ 5,000ಕ್ಕೂ ಹೆಚ್ಚು ಜನರನ್ನು ಹೂತರು.

ತೀರ್ಥಹಳ್ಳಿ ತೋಟಿಗ

ಮೇಷ್ಟ್ರೇ, ಆ ಹೊತ್ತಿನಲ್ಲೂ ಐರ್ಲೆಂಡಿನಿಂದ ಧಾನ್ಯ ಹೊರಗೆ ಹೋಗುತ್ತಿತ್ತು ಎನ್ನುತ್ತಾರಲ್ಲ? ರಫ್ತು ನಿಲ್ಲಿಸಿದ್ದರೆ ಸಾಕಿತ್ತೇ?

ಸಾಗರದ ಇತಿಹಾಸದ ಮೇಷ್ಟ್ರು

ಹೋಗುತ್ತಿತ್ತು, ಸುಳ್ಳಲ್ಲ. ಆದರೆ ವರ್ಷ ಬಿಡಿಸಿ ನೋಡಬೇಕು. 1846ರಲ್ಲಿ ಆಮದಿಗಿಂತ ರಫ್ತು ಹೆಚ್ಚು. 1847ರಲ್ಲಿ ಆಮದು ರಫ್ತಿನ ಹಲವು ಪಟ್ಟು. ಹಳೆ ಫಸಲು ಮುಗಿದು ಅಮೆರಿಕದ ಜೋಳ ಇನ್ನೂ ಬಂದಿರದ 1846ರ ಚಳಿಗಾಲವೇ ಇಕ್ಕಟ್ಟಿನ ಕಾಲ. ಆಗ ಬಂದರು ಮುಚ್ಚಿದ್ದರೆ ಆ ಕೆಲವು ತಿಂಗಳು ಬಹಳ ಜೀವ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಕಳೆದುಹೋದ ಆಲೂಗಡ್ಡೆಯನ್ನು ತುಂಬುವಷ್ಟು ಧಾನ್ಯ ಮಾತ್ರ ಅದರಲ್ಲಿರಲಿಲ್ಲ.

ಕೊಪ್ಪದ ಸಸ್ಯರೋಗಿ

ಬೋರ್ಡೋ ಪ್ರಶ್ನೆ ಬಾಕಿ ಇದೆ. ವೇಲ್ಸ್‌ನ ಸ್ವಾನ್ಸಿಯಲ್ಲಿ ತಾಮ್ರ ಕರಗಿಸುವ ಕುಲುಮೆಗಳ ಹೊಗೆ ಹಾಯುವ ಹೊಲದಲ್ಲಿ ಆಲೂಗಡ್ಡೆ ಕೊಳೆಯಲಿಲ್ಲ ಎಂದು 1846ರಲ್ಲೇ ಗಮನಿಸಿದ್ದರು. ಯಾರೂ ಅದರ ಬೆನ್ನು ಹತ್ತಲಿಲ್ಲ. ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆಂದು ಬೋರ್ಡೋ ಪ್ರಕಟಿಸಿದ್ದು 1885ರಲ್ಲಿ.

ಇದ್ದಿದ್ದರೂ ಲೆಕ್ಕ ಹೀಗೆ. ಶೇ. 1ರ ದ್ರಾವಣಕ್ಕೆ 100 ಲೀಟರ್‌ಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎಕರೆಗೆ 400 ಲೀಟರ್, ಎರಡು ಸಲ ಎಂದರೆ 8 ಕಿಲೋ ಮೈಲುತುತ್ತ. 20 ಲಕ್ಷ ಎಕರೆಗೆ 16,000 ಟನ್. ಬೆನ್ನಿಗೆ ಹೊರುವ ಪಂಪು ಆಗ ಇರಲಿಲ್ಲ. ಮೈಲುತುತ್ತ ಕೊಳ್ಳುವ ಕಾಸು ಕೂಲಿಯವನ ಹತ್ತಿರ ಮೊದಲೇ ಇರಲಿಲ್ಲ. ಸರ್ಕಾರವೇ ಹೊಡೆಸಬೇಕಿತ್ತು.

ಕೆಲಸದಲ್ಲೂ ಒಂದು ವ್ಯತ್ಯಾಸ ಇದೆ. ಬೋರ್ಡೋ ಬಂದ ರೋಗ ವಾಸಿ ಮಾಡುವುದಿಲ್ಲ, ಬೀಜಕ ಮೊಳೆಯದಂತೆ ತಡೆಯುತ್ತದೆ ಅಷ್ಟೆ. ಅಡಿಕೆಯಲ್ಲಿ ಮಳೆ ಹಿಡಿಯುವ ಮುಂಚೆ ಕೊನೆಗೆ (ಕಾಯಿ ಗೊಂಚಲಿಗೆ) ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆದರೆ ಸಾಮಾನ್ಯ ವರ್ಷಕ್ಕೆ ಸಾಕು. ಕಾಯಿ ಅಲ್ಲೇ ಇರುತ್ತದೆ, ಲೇಪ ಅದರ ಮೇಲೇ ಕೂತಿರುತ್ತದೆ. ಆಲೂಗಡ್ಡೆ ಗಿಡ ದಿನಾ ಹೊಸ ಎಲೆ ಬಿಡುತ್ತದೆ, ಆ ಎಲೆಗೆ ಲೇಪವಿಲ್ಲ. ಮಳೆ ಜಾಸ್ತಿಯಾದರೆ ಎರಡು ಸಲ ಸಾಲದು.

ಬೆರೆಸುವಾಗ 50 ಲೀಟರ್ ಸುಣ್ಣದ ತಿಳಿಗೆ 50 ಲೀಟರ್ ಮೈಲುತುತ್ತದ ನೀರನ್ನು ಕಲಕುತ್ತಾ ನಿಧಾನ ಸುರಿಯಿರಿ. ಕಬ್ಬಿಣದ ಪಾತ್ರೆ ಬೇಡ. ಚಾಕು ಅದ್ದಿದಾಗ ಕೆಂಪು ತಾಮ್ರ ಹಿಡಿದರೆ ಸುಣ್ಣ ಕಡಿಮೆಯಾಗಿದೆ, ಹಾಗೇ ಹೊಡೆದರೆ ಎಳೆ ಭಾಗ ಸುಡುತ್ತದೆ. ಮಾಡಿದ ದಿನವೇ ಮುಗಿಸಿ.

ಅಡಿಕೆ ಕೊಳೆಯ ಬಗ್ಗೆ ಮೈಸೂರು ಸರ್ಕಾರಕ್ಕಾಗಿ 1910ರಲ್ಲಿ ವರದಿ ಬರೆದ ಲೆಸ್ಲಿ ಕೋಲ್ಮನ್ ಕೆನಡಾದವರು. ಆಗ ನಮ್ಮವರು ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು. ಬೋರ್ಡೋ ಹೊಡೆಯುವುದನ್ನು ಮಲೆನಾಡಿನ ತೋಟಕ್ಕೆ ತಂದದ್ದರಲ್ಲಿ ಕೋಲ್ಮನ್ ಪಾಲು ದೊಡ್ಡದು.