ಪ್ರಶ್ನೋತ್ತರ: ‘ಪುಟ್ ಆಫ್’ ಎಂದರೆ ರದ್ದು ಮಾಡುವುದೇ, ಮುಂದೂಡುವುದೇ?

ಗುಂಪಿನ ನಿರ್ವಾಹಕರು: ಮಡಿಕೇರಿಯಲ್ಲಿ ಇಂಗ್ಲಿಷ್ ಉಪನ್ಯಾಸಕಿಯಾಗಿದ್ದು ನಿವೃತ್ತರಾದ ನಮ್ಮ ಮೇಡಂ ಅವರು ಇಂದು ಸಂಜೆ ‘ಪುಟ್ ಆಫ್’ ಎಂಬ ಒಂದೇ ಪ್ರಯೋಗದ ಬಗ್ಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಗೋಣಿಕೊಪ್ಪಲಿನ ವಿದ್ಯಾರ್ಥಿ: ಮೇಡಂ, ‘ಪುಟ್ ಆಫ್ ಇಟ್’ ಸರಿಯೋ, ‘ಪುಟ್ ಇಟ್ ಆಫ್’ ಸರಿಯೋ?

ಮೇಡಂ: ‘ಪುಟ್ ಇಟ್ ಆಫ್’ ಮಾತ್ರ ಸರಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ನಡೆಯುತ್ತವೆ. ಆದರೆ ಇಟ್, ದೆಮ್, ಹಿಮ್ ಮುಂತಾದ ಸರ್ವನಾಮಗಳು ನಡುವೆಯೇ ಕುಳಿತುಕೊಳ್ಳಬೇಕು.

ಕಕ್ಕಬ್ಬೆಯ ಸದಸ್ಯೆ: ಮೇಡಂ, ನಮಸ್ಕಾರ. ನಾನು ಚಿಕ್ಕದೊಂದು ಹೋಂಸ್ಟೇ ನಡೆಸುತ್ತಿದ್ದೇನೆ. ಆಗಸ್ಟ್ ಮೊದಲ ವಾರಕ್ಕೆ ಬರಬೇಕಿದ್ದ ಇಂಗ್ಲೆಂಡಿನ ದಂಪತಿ ಹೀಗೆ ಬರೆದರು: “ವಿ ಹ್ಯಾವ್ ಟು ಪುಟ್ ಆಫ್ ಅವರ್ ಸ್ಟೇ ಟಿಲ್ ದ ಟ್ವೆಂಟಿಫೋರ್ತ್ ಆಫ್ ಅಕ್ಟೋಬರ್. ದ ರೇನ್ ಹ್ಯಾಸ್ ನಾಟ್ ಪುಟ್ ಅಸ್ ಆಫ್ ಕೂರ್ಗ್.” ಮೊದಲ ಸಾಲಿನಲ್ಲಿ ಪುಟ್ ಆಫ್ ಎಂದವರು ಎರಡನೆಯದರಲ್ಲಿ ಇಲ್ಲ ಎನ್ನುತ್ತಿದ್ದಾರಲ್ಲ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಆಫ್ ಎಂದರೆ ಮುಗಿಯಿತು, ರದ್ದಾಯಿತು ಎಂದು ನನ್ನ ಅಣ್ಣನ ಮಗ ಹೇಳಿದ್ದರಿಂದ ಮುಂಗಡವನ್ನು ಹಿಂದಿರುಗಿಸಿ, “ಓಕೆ, ವಿ ಹ್ಯಾವ್ ಪುಟ್ ಯೂ ಆಫ್” ಎಂದು ಉತ್ತರಿಸಿದೆ. ಮೂರು ದಿನವಾಯಿತು, ಅವರ ಕಡೆಯಿಂದ ಸದ್ದಿಲ್ಲ.

ಮೇಡಂ: ಅಮ್ಮಾ, ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗೇ ಮೊದಲು ಬರೆಯುತ್ತಿದ್ದೇನೆ, ಏಕೆಂದರೆ ಆ ದಂಪತಿ ಈಗ ನೊಂದುಕೊಂಡಿರುವ ಸಾಧ್ಯತೆಯಿದೆ.

ಅವರು ರದ್ದು ಮಾಡಿಲ್ಲ. ‘ಪುಟ್ ಆಫ್ ಅವರ್ ಸ್ಟೇ ಟಿಲ್’ ಎಂದರೆ ತಂಗುವುದನ್ನು ಆ ದಿನಕ್ಕೆ ಮುಂದೂಡುತ್ತೇವೆ ಎಂದರ್ಥ. ‘ಟಿಲ್’ ಎಂಬ ಪದವೂ ಹೊಸ ದಿನಾಂಕವೂ ಜೊತೆಗಿರುವಾಗ ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ರದ್ದು ಮಾಡುವುದಕ್ಕೆ ಅವರು ‘ಕಾಲ್ ಆಫ್’ ಎನ್ನುತ್ತಿದ್ದರು. ನಾವು ‘ಆಫ್’ ಅನ್ನು ಸ್ವಿಚ್ಚಿನ ಜೊತೆಗೇ ಕಲಿತವರಾದ್ದರಿಂದ ಅದು ಎಲ್ಲಿ ಕಂಡರೂ ಏನೋ ನಿಂತುಹೋಯಿತೆಂದು ತಿಳಿಯುತ್ತೇವೆ. ಇಲ್ಲಿ ಅದಕ್ಕೆ ಆಚೆ, ದೂರ ಎಂಬ ಅರ್ಥವಿದೆ: ಒಂದು ದಿನವನ್ನು ಎತ್ತಿ ಆಚೆಗಿಡುವುದು. ‘ಪೋಸ್ಟ್‌ಪೋನ್’ ಪದದ ಒಳಗೂ ಇದೇ ಚಿತ್ರವಿದೆ. ಲ್ಯಾಟಿನ್‌ನಲ್ಲಿ ‘ಪೋಸ್ಟ್’ ಎಂದರೆ ಅನಂತರ, ‘ಪೋನೆರೆ’ ಎಂದರೆ ಇಡುವುದು.

ಎರಡನೆಯ ಸಾಲಿನಲ್ಲಿ ಆಚೆಗೆ ಹೋಗುವುದು ದಿನವಲ್ಲ, ಮನಸ್ಸು. ಮಳೆಯಿಂದಾಗಿ ಕೊಡಗಿನ ಮೇಲಿನ ಮನಸ್ಸು ಮುರಿದಿಲ್ಲ ಎಂದು ಅವರು ಪ್ರೀತಿಯಿಂದಲೇ ಹೇಳಿದ್ದಾರೆ. ಊಟದ ಬಣ್ಣ ನೋಡಿ ತಿನ್ನುವ ಆಸೆ ಹೋದರೆ ‘ದ ಕಲರ್ ಪುಟ್ ಮಿ ಆಫ್’ ಎನ್ನುತ್ತಾರೆ. ಹಂದಿಕರಿ ಕಪ್ಪಗಿರುವುದನ್ನು ಕಂಡು ಹಿಂಜರಿಯುವ ಅತಿಥಿಗೆ, ಆ ಬಣ್ಣ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿರಸದ್ದು ಎಂದು ವಿವರಿಸುವ ಮೊದಲು, ‘ಡೋಂಟ್ ಬಿ ಪುಟ್ ಆಫ್ ಬೈ ದ ಕಲರ್’ ಎಂದು ನೀವೂ ಹೇಳಬಹುದು.

ನನಗೆ ಆತಂಕ ತಂದದ್ದು ನಿಮ್ಮ ಉತ್ತರ. ‘ಪುಟ್’ ಮತ್ತು ‘ಆಫ್’ ನಡುವೆ ವ್ಯಕ್ತಿ ಬಂದಾಗ, ಅವರನ್ನು ಬರಬೇಡಿ ಎಂದು ತಡೆದೆವು, ಇಲ್ಲವೇ ಅವರ ಮನಸ್ಸು ಕೆಡಿಸಿದೆವು ಎಂಬ ಅರ್ಥ ಬರುತ್ತದೆ. ಹಣವೂ ಹಿಂದಿರುಗಿರುವುದರಿಂದ ನೀವು ಬಾಗಿಲು ಮುಚ್ಚಿದಿರಿ ಎಂದೇ ಅವರು ಓದಿಕೊಂಡಿರುತ್ತಾರೆ. ಇಂದೇ ಬರೆಯಿರಿ: ‘ಐ ಆ್ಯಮ್ ಸಾರಿ, ಐ ಮಿಸ್‌ಅಂಡರ್‌ಸ್ಟುಡ್ ಯುವರ್ ಮೆಸೇಜ್. ಯುವರ್ ರೂಮ್ ಈಸ್ ರೆಡಿ ಫಾರ್ ದ ಟ್ವೆಂಟಿಫೋರ್ತ್ ಆಫ್ ಅಕ್ಟೋಬರ್.’ ಆ ದಿನ ಕೋಣೆ ಖಾಲಿಯಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಸುಂಟಿಕೊಪ್ಪದ ತೋಟದ ರೈಟರ್ (ಗುಮಾಸ್ತ): ಮಳೆ ಬಿಡದ ಕಾರಣ ಬೋರ್ಡೋ ಎಂಬ ರೋಗನಾಶಕ ದ್ರಾವಣದ ಸಿಂಪಡಣೆಯನ್ನು ಮುಂದೂಡಿದೆವು ಎಂದು ಮಾಲೀಕರಿಗೆ ವರದಿ ಬರೆಯಬೇಕು. ‘ವಿ ಪುಟ್ಟೆಡ್ ಆಫ್ ಟು ಸ್ಪ್ರೇ’ ಎಂದರೆ ಸರಿಯೇ?

ಮೇಡಂ: ಸರಿಯಲ್ಲ. ಭೂತಕಾಲದಲ್ಲಿಯೂ ‘ಪುಟ್’ ಎಂದೇ ಇರುತ್ತದೆ, ಮತ್ತು ಮುಂದಿನ ಕ್ರಿಯಾಪದ ‘ಇಂಗ್’ ರೂಪದಲ್ಲಿ ಬರುತ್ತದೆ. ‘ವಿ ಪುಟ್ ಆಫ್ ಸ್ಪ್ರೇಯಿಂಗ್ ಬಿಕಾಸ್ ಆಫ್ ದ ರೇನ್.’

ಕುಶಾಲನಗರದ ಸದಸ್ಯರು: ಇಷ್ಟೆಲ್ಲ ಏಕೆ? ಈ ಚಿತ್ರ ನನಗೆ ಫಾರ್ವರ್ಡ್ ಆಗಿ ಬಂದಿದೆ. ‘ಪುಟ್ ಆನ್ ಎಂದರೆ ಬಟ್ಟೆ ತೊಡುವುದು, ಪುಟ್ ಆಫ್ ಎಂದರೆ ಬಟ್ಟೆ ಕಳಚುವುದು, ಏಳು ದಿನಗಳಲ್ಲಿ ಇಂಗ್ಲಿಷ್’ ಎಂದು ಸರಳವಾಗಿ ಕೊಟ್ಟಿದ್ದಾರೆ.

ಮೇಡಂ: ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಬಟ್ಟೆ ಕಳಚುವುದಕ್ಕೆ ಇಂದಿನ ಇಂಗ್ಲಿಷಿನಲ್ಲಿ ‘ಟೇಕ್ ಆಫ್’ ಎನ್ನಬೇಕು. ಆನ್‌ಗೆ ಆಫ್ ವಿರುದ್ಧ ಎಂದು ಲೆಕ್ಕ ಹಾಕಿ ತಯಾರಿಸಿದ ಇಂಥ ಪಟ್ಟಿಗಳನ್ನು ಬಾಯಿಪಾಠ ಮಾಡಿದ ಮಕ್ಕಳ ಉತ್ತರಪತ್ರಿಕೆಗಳನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ.

ವಿರಾಜಪೇಟೆಯ ಸದಸ್ಯರು: ಕ್ಷಮಿಸಿ ಮೇಡಂ, ಇಂಗ್ಲಿಷ್ ಬೈಬಲಿನಲ್ಲಿ ದೇವರು ಮೋಶೆಗೆ ‘ಪುಟ್ ಆಫ್ ದೈ ಶೂಸ್’ ಎಂದೇ ಹೇಳುತ್ತಾನೆ. ಅದೂ ತಪ್ಪೇ?

ಮೇಡಂ: ಒಳ್ಳೆಯ ಉದಾಹರಣೆ ಕೊಟ್ಟಿರಿ. ಅದು 1611ರ ಅನುವಾದ. ಆ ಕಾಲಕ್ಕೆ ಅದು ಸಹಜವಾದ ಪ್ರಯೋಗ. ಆದರೆ ಇಂದು ಮನೆಗೆ ಬಂದವರಿಗೆ ಚಪ್ಪಲಿ ಕಳಚಿ ಬನ್ನಿ ಎನ್ನಲು ಅದನ್ನು ಬಳಸುವಂತಿಲ್ಲ.

ಕುಶಾಲನಗರದ ಸದಸ್ಯರು: ಹಾಗಾದರೆ ನನ್ನ ಚಿತ್ರ ಪೂರ್ತಿ ತಪ್ಪಲ್ಲ ಎಂದಾಯಿತು.

ವಿರಾಜಪೇಟೆಯ ಸದಸ್ಯರು: ನಾನು ಹೇಳಿದ್ದು ನಿಮ್ಮ ಚಿತ್ರದ ಪರವಾಗಿ ಅಲ್ಲ.

ಸೋಮವಾರಪೇಟೆಯ ಸದಸ್ಯೆ: ‘ಪುಟ್ ಆಫ್ ದ ಲೈಟ್’ ಎನ್ನುವವರನ್ನು ಬೆಂಗಳೂರಿನ ಕಚೇರಿಗಳಲ್ಲಿ ಅನಕ್ಷರಸ್ಥರಂತೆ ನೋಡುತ್ತಾರೆ. ‘ಸ್ವಿಚ್ ಆಫ್’ ಎನ್ನಬೇಕೆಂದು ನಮ್ಮ ಹಿರಿಯರಿಗೆ ಇನ್ನಾದರೂ ತಿಳಿಯಲಿ.

ವಿರಾಜಪೇಟೆಯ ಸದಸ್ಯರು: ನಮ್ಮ ತಂದೆಯವರು ಸೈನ್ಯದಲ್ಲಿದ್ದಷ್ಟು ಕಾಲವೂ ಹಾಗೆಯೇ ಹೇಳಿದರು. ಅವರನ್ನು ಅನಕ್ಷರಸ್ಥರು ಎನ್ನುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಸೋಮವಾರಪೇಟೆಯ ಸದಸ್ಯೆ: ನಾನು ಕೇಳಿದ್ದನ್ನು ಹೇಳಿದೆ. ಎಲ್ಲವನ್ನೂ ಮನೆತನದ ವಿಷಯವಾಗಿಸುವುದು ನಿಮ್ಮ ಅಭ್ಯಾಸವಾಗಿದೆ.

ಮೇಡಂ: ದೀಪ ಆರಿಸುವ ಅರ್ಥವನ್ನು ಬ್ರಿಟಿಷ್ ಇಂಗ್ಲಿಷಿನ ನಿಘಂಟುಗಳೂ ಕೊಡುತ್ತವೆ. ‘ಸ್ವಿಚ್ ಆಫ್’, ‘ಟರ್ನ್ ಆಫ್’ ಹೆಚ್ಚು ಬಳಕೆಯಲ್ಲಿವೆ, ಅಷ್ಟೇ. ಆ ತಂದೆಯವರು ಹೇಳಿದ್ದು ತಪ್ಪಾಗಿರಲಿಲ್ಲ.

ನಾಪೋಕ್ಲುವಿನ ಸದಸ್ಯರು: ನಮ್ಮ ಹಾಕಿ ಪಂದ್ಯವನ್ನು ಶನಿವಾರದಿಂದ ಭಾನುವಾರಕ್ಕೆ ಹಾಕಿದ್ದೇವೆ. ಕನ್ನಡದಲ್ಲಿ ಮುಂದಕ್ಕೆ ಹಾಕುವುದು ಎನ್ನುತ್ತೇವಾದ್ದರಿಂದ ‘ಬ್ರಾಟ್ ಫಾರ್ವರ್ಡ್’ ಎಂದು ಪ್ರಕಟಣೆ ಬರೆಯಲೇ?

ಮೇಡಂ: ಖಂಡಿತ ಬೇಡ. ಇದು ರದ್ದತಿಯ ಗೊಂದಲಕ್ಕಿಂತಲೂ ಅಪಾಯಕಾರಿ. ನಾವು ಮುಂದೂಡಿದರೆ ದಿನ ತಡವಾಗುತ್ತದೆ. ಅವರು ‘ಬ್ರಿಂಗ್ ಫಾರ್ವರ್ಡ್’ ಎಂದರೆ ದಿನ ಬೇಗ ಬರುತ್ತದೆ. ಎದುರಾಳಿ ತಂಡ ಶುಕ್ರವಾರವೇ ಮೈದಾನಕ್ಕೆ ಬಂದು ನಿಂತೀತು. ‘ದ ಮ್ಯಾಚ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಸಂಡೇ’ ಎಂದು ಬರೆಯಿರಿ.

ಶನಿವಾರಸಂತೆಯ ವಿದ್ಯಾರ್ಥಿನಿ: ‘ಪುಟ್ ಅಪ್ ವಿತ್’ ಎಂದರೇನು ಮೇಡಂ?

ಪೊನ್ನಂಪೇಟೆಯ ಸದಸ್ಯರು: ‘ಪುಟ್ ಆಫ್ ಇಟ್’ ಎನ್ನಬಹುದೇ?

ಮೇಡಂ: ಮೊದಲ ಉತ್ತರ ಓದಿ.

ಪೊನ್ನಂಪೇಟೆಯ ಸದಸ್ಯರು: ಒಂದು ಸಾಲು ಬರೆದರೆ ಏನು ಕಷ್ಟ? ಇಂಥ ನಿಯಮವಿಲ್ಲದ ಭಾಷೆ ನಮ್ಮ ತಲೆಗೆ ಹತ್ತದಿದ್ದರೆ ಅದು ನಮ್ಮ ತಪ್ಪೇ?

ಮೇಡಂ: ನಿಯಮವಿದೆ, ಬರೆದೂ ಆಗಿದೆ. ಕಷ್ಟ ನಿಮ್ಮೊಬ್ಬರದೇ ಅಲ್ಲ ಎಂಬುದನ್ನು ಮಾತ್ರ ಒಪ್ಪುತ್ತೇನೆ. ಕ್ರಿಯಾಪದಕ್ಕೆ ಚಿಕ್ಕ ಪದವೊಂದನ್ನು ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಪರಭಾಷಿಕರಿಗೆ ಅತಿ ಕಠಿಣ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದರು.

ಕುಶಾಲನಗರದ ಸದಸ್ಯರು: ಇನ್ನೊಂದು ಚಿತ್ರ ಕಳುಹಿಸುತ್ತಿದ್ದೇನೆ, ನೂರು ಪದಗಳಿವೆ.

ಗುಂಪಿನ ನಿರ್ವಾಹಕರು: ಚಿತ್ರವನ್ನು ಅಳಿಸಿದ್ದೇನೆ. ಮತ್ತೆ ಕಳುಹಿಸಿದರೆ ನಿಮ್ಮನ್ನೂ ಗುಂಪಿನಿಂದ ತೆಗೆಯಬೇಕಾಗುತ್ತದೆ.

ಕಕ್ಕಬ್ಬೆಯ ಸದಸ್ಯೆ: ಮೇಡಂ, ಅಕ್ಟೋಬರ್ 24ಕ್ಕೆ ಕೋಣೆ ಖಾಲಿಯಿತ್ತು, ಬರೆದೆ. ಅವರು ಈಗಷ್ಟೇ ಉತ್ತರಿಸಿದ್ದಾರೆ: “ವಿ ಥಾಟ್ ಯೂ ಡಿಡ್ ನಾಟ್ ವಾಂಟ್ ಅಸ್.” ಖಂಡಿತ ಬರುತ್ತಾರಂತೆ. ‘ಪ್ಲೀಸ್ ಡೋಂಟ್ ಪುಟ್ ಆಫ್ ಇಟ್ ಅಗೇನ್’ ಎಂದು ಕಳುಹಿಸಲೇ?

ಮೇಡಂ: ‘ಪುಟ್ ಇಟ್ ಆಫ್ ಅಗೇನ್.’ ಆದರೆ ಆ ಸಾಲು ಬೇಡ ಅಮ್ಮಾ, ಗದರಿಸಿದಂತೆ ಕೇಳಿಸುತ್ತದೆ. ‘ವಿ ಆರ್ ವೇಟಿಂಗ್ ಫಾರ್ ಯೂ’ ಎಂದಷ್ಟೇ ಬರೆಯಿರಿ.