8ನೇ ತರಗತಿ ಸಮಾಜ ವಿಜ್ಞಾನ: ಘಟಕ ಯೋಜನೆಯಲ್ಲಿ ಮೂರೂ ವಲಯ ತರುವುದು ಹೇಗೆ?

ಪ್ರಶ್ನೆ: ಬಿ.ಇಡಿ. ವಿದ್ಯಾರ್ಥಿನಿ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ಇಂಟರ್ನ್‌ಶಿಪ್‌ಗೆ 8ನೇ ತರಗತಿಯ ಸಮಾಜ ವಿಜ್ಞಾನ ಬಂದಿದೆ. ಮೊದಲ ಘಟಕ ಬಾದಾಮಿ ಚಾಲುಕ್ಯರು. ಜ್ಞಾನಾತ್ಮಕ (ಅರಿವು), ಭಾವಾತ್ಮಕ (ಮನೋಭಾವ), ಕ್ರಿಯಾತ್ಮಕ (ಕೈಯಿಂದ ಮಾಡುವ ಕೌಶಲ) ಎಂಬ ಮೂರು ಕಲಿಕಾ ವಲಯಗಳಿಗೂ ಉದ್ದೇಶ ಬರೆಯಬೇಕು. ಆದರೆ ಉದ್ದೇಶಗಳ ಕಾಲಂ ತುಂಬುವಾಗ ಎಲ್ಲವೂ ‘ಸ್ಮರಿಸುವರು’, ‘ತಿಳಿಸುವರು’, ‘ಪಟ್ಟಿ ಮಾಡುವರು’ ಎಂದೇ ಆಗುತ್ತಿದೆ. ಭಾವಾತ್ಮಕ ವಲಯಕ್ಕೆ ‘ಪರಂಪರೆಯ ಬಗ್ಗೆ ಅಭಿಮಾನ ಬೆಳೆಸಿಕೊಳ್ಳುವರು’, ಕ್ರಿಯಾತ್ಮಕ ವಲಯಕ್ಕೆ ‘ನಕ್ಷೆ ಬರೆಯುವರು’ ಎಂದು ಒಂದೊಂದು ಸಾಲು ಸೇರಿಸಿದರೆ ಸಾಕೇ? ಇವನ್ನು ಅಳೆಯುವುದು ಹೇಗೆ?

ಇನ್ನೊಂದು ಸಂದೇಹ. ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಭಾಗ ಇವೆ. ಆರನ್ನೂ ಬೇರೆ ಬೇರೆಯಾಗಿಯೇ ಕಲಿಸುತ್ತಾ ಹೋಗಬೇಕೋ, ಕೂಡಿಸುವ ದಾರಿ ಇದೆಯೋ?

ಉತ್ತರ 1: ಪ್ರೌಢಶಾಲಾ ಶಿಕ್ಷಕ, ಬಾಗಲಕೋಟೆ

ಎರಡನೆಯ ಸಂದೇಹದಿಂದ ಶುರು ಮಾಡುತ್ತೇನೆ ಮೇಡಂ, ಅದು ಸರಿಹೋದರೆ ಮೊದಲನೆಯದು ಅರ್ಧ ಸರಿಹೋಗುತ್ತದೆ.

ಮಗು ಈ ವಿಷಯಕ್ಕೆ 8ನೇ ತರಗತಿಯಲ್ಲಿ ಹೊಸದಾಗಿ ಬರುವುದಿಲ್ಲ. ಕೆಳಗಿನ ತರಗತಿಗಳಲ್ಲಿ ಪರಿಸರ ಅಧ್ಯಯನದ ಹೆಸರಿನಲ್ಲಿ ಮನೆ, ಓಣಿ, ನೀರು, ಊರಿನ ಕಸುಬುಗಳನ್ನು ನೋಡಿರುತ್ತದೆ. 6 ಮತ್ತು 7ರಲ್ಲಿ ಇತಿಹಾಸ, ಪೌರನೀತಿ, ಭೂಗೋಳ ಬರುತ್ತವೆ. 8ರಿಂದ ಆರು ಭಾಗ ಆಗುತ್ತದೆ. ವಯಸ್ಸು ಏರಿದಂತೆ ಪ್ರಶ್ನೆಗಳು ಸೂಕ್ಷ್ಮವಾಗುತ್ತವೆ ಅಷ್ಟೆ, ನೋಡುವುದು ಅದೇ ಮನುಷ್ಯರ ಬದುಕನ್ನೇ.

ನಮ್ಮ ಜಿಲ್ಲೆಯಲ್ಲಿ ಆರೂ ಭಾಗ ಒಂದೇ ಕಡೆ ಸಿಗುವ ಉದಾಹರಣೆ ಆಲಮಟ್ಟಿ. ಕೃಷ್ಣೆಗೆ ಅಲ್ಲೇ ಯಾಕೆ ಅಣೆಕಟ್ಟು, ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಾಗಲಕೋಟೆಯ ತನಕ ಯಾಕೆ ಬಂತು ಎಂಬುದು ಭೂಗೋಳ. ನೀರಿನ ಮಟ್ಟ ಈಗ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ. ರಾಜ್ಯಗಳ ನಡುವಿನ ಈ ಜಗಳವನ್ನು ಸಂವಿಧಾನದ 262ನೇ ವಿಧಿಯಡಿ ಯಾಕೆ ಬೇರೆ ನ್ಯಾಯಾಧಿಕರಣ ನೋಡುತ್ತದೆ ಎಂಬುದು ರಾಜ್ಯಶಾಸ್ತ್ರ. ಮುಳುಗಿದ ಹಳೆ ಊರಿನ ಓಣಿಯವರು ನವನಗರದ ಸೆಕ್ಟರ್‌ಗಳಿಗೆ ಹೋದಾಗ ನೆರೆಹೊರೆಯ ಸಂಬಂಧ ಏನಾಯಿತು ಎಂಬುದು ಸಮಾಜಶಾಸ್ತ್ರ. ಪರಿಹಾರದ ದುಡ್ಡು, ಕಬ್ಬಿಗೆ ಸಿಕ್ಕ ನೀರು, ಸಕ್ಕರೆ ಕಾರ್ಖಾನೆ ಎಲ್ಲವೂ ಅರ್ಥಶಾಸ್ತ್ರ. ಹಳೆ ಪೇಟೆಯ ಅಂಗಡಿ ಹೊಸ ಜಾಗದಲ್ಲಿ ಗಿರಾಕಿ ಹಿಡಿದದ್ದು ವ್ಯವಹಾರ ಅಧ್ಯಯನ. ಮುಳುಗುವ ಮೊದಲು ಆ ಊರು ಹೇಗಿತ್ತು ಎಂಬುದು ಇತಿಹಾಸ.

ಹಾಗಂತ ದಿನಾ ಆರನ್ನೂ ಕಲಸಿ ಪಾಠ ಮಾಡಲು ಹೋಗಬೇಡಿ, ಮಕ್ಕಳಿಗೆ ಯಾವ ಪ್ರಶ್ನೆ ಯಾವ ಶಾಸ್ತ್ರದ್ದು ಎಂಬುದೇ ತಿಳಿಯದಂತಾಗುತ್ತದೆ. ಘಟಕಗಳನ್ನು ಬೇರೆಯಾಗಿಯೇ ಕಲಿಸಿ, ಸೆಮಿಸ್ಟರ್‌ಗೆ ಒಂದು ಸಲ ಇಂಥ ಒಂದು ಸ್ಥಳ ಹಿಡಿದು ಯೋಜನಾ ಕಾರ್ಯ ಕೊಡಿ. ಐದಾರು ಮಕ್ಕಳ ಗುಂಪಿಗೆ ಒಂದೊಂದು ಶಾಸ್ತ್ರದ ಪ್ರಶ್ನೆ ಹಂಚಿದರೆ ಸಾಕು.

ಉತ್ತರ 2: ಇತಿಹಾಸ ಶಿಕ್ಷಕಿ, ಬಾದಾಮಿ ತಾಲ್ಲೂಕು

ಚಾಲುಕ್ಯರ ಘಟಕಕ್ಕೆ ‘ನಕ್ಷೆ ಬರೆಯುವರು’ ಎಂಬ ಒಂದು ಸಾಲು ಸಾಲದು. ಇತಿಹಾಸಕ್ಕೆ ಅದರದ್ದೇ ಕೌಶಲಗಳಿವೆ: ಕಾಲರೇಖೆ ಎಳೆಯುವುದು, ಆಕರವನ್ನು ಪ್ರಶ್ನಿಸುವುದು, ಕಟ್ಟಡವನ್ನು ಓದುವುದು.

ಕಾಲರೇಖೆಯಲ್ಲಿ ಮಕ್ಕಳು ತಪ್ಪುವುದು ಒಂದೇ ಜಾಗದಲ್ಲಿ, ಎಲ್ಲ ಇಸವಿಗಳನ್ನೂ ಸಮ ಅಂತರದಲ್ಲಿ ಕೂರಿಸಿಬಿಡುತ್ತಾರೆ. ಆಗ ಅದು ಇಸವಿಗಳ ಪಟ್ಟಿ ಆಗುತ್ತದೆ, ಕಾಲರೇಖೆ ಆಗುವುದಿಲ್ಲ. ಎ4 ಹಾಳೆಯನ್ನು ಅಡ್ಡ ಇಟ್ಟು, 540ರಿಂದ ಶುರು ಮಾಡಿ, 1 ಸೆಂ.ಮೀ.ಗೆ 10 ವರ್ಷ ಎಂದು ಪ್ರಮಾಣ ಬರೆಸಿ. 1ನೇ ಪುಲಕೇಶಿಯ ಬಾದಾಮಿ ಬಂಡೆ ಶಾಸನ ಶಕ 465ರದ್ದು. ಶಕಕ್ಕೆ 78 ಕೂಡಿಸಿದರೆ 543, ಅಂದರೆ 0.3 ಸೆಂ.ಮೀ. ಮಂಗಳೇಶನ ಮೂರನೆಯ ಗುಹೆಯ ಶಾಸನ 578, ಅಂದರೆ 3.8. 2ನೇ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ ಐಹೊಳೆ ಶಾಸನ ಶಕ 556, ಅಂದರೆ 634, ಅದು 9.4ಕ್ಕೆ ಬರುತ್ತದೆ. ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದದ್ದು 642, 1ನೇ ವಿಕ್ರಮಾದಿತ್ಯ ಮರಳಿ ಪಡೆದದ್ದು 655. ಈ ಎರಡು ಗೆರೆಗಳ ನಡುವಿನ 1.3 ಸೆಂ.ಮೀ. ಜಾಗಕ್ಕೆ ಬೇರೆ ಬಣ್ಣ ತುಂಬಿಸಿ. ರಾಜಧಾನಿ 13 ವರ್ಷ ಕೈತಪ್ಪಿತ್ತು ಎಂಬುದು ಪಠ್ಯದ ಸಾಲಿಗಿಂತ ಆ ಬಣ್ಣದ ಪಟ್ಟಿಯಲ್ಲಿ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಅಳತೆಪಟ್ಟಿ ಹಿಡಿದು ಮಾಡಿದ್ದರಿಂದ ಇದು ಕ್ರಿಯಾತ್ಮಕ ವಲಯದ ಕೆಲಸವೂ ಹೌದು.

ಅದೇ ರೇಖೆ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿ: ಐಹೊಳೆ ಶಾಸನದಲ್ಲಿ 2ನೇ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇದೆ, ಪಲ್ಲವರು ಬಾದಾಮಿ ಹಿಡಿದದ್ದು ಇಲ್ಲ, ಯಾಕೆ? ‘ಆಸ್ಥಾನ ಕವಿ ಸೋಲನ್ನು ಬರೆಯುವುದಿಲ್ಲ’ ಎಂದು ಜಾಣ ಮಕ್ಕಳು ಥಟ್ಟನೆ ಹೇಳುತ್ತಾರೆ. ರೇಖೆ ನೋಡಿಕೊಂಡು ಹೇಳಿ ಎಂದರೆ 9.4 ಮೊದಲು, 10.2 ಆಮೇಲೆ ಎಂದು ಕಾಣುತ್ತದೆ. ಶಾಸನ ಕೆತ್ತಿದಾಗ ಆ ಸೋಲು ಇನ್ನೂ ಬಂದಿರಲೇ ಇಲ್ಲ. ಹಾಗಿದ್ದರೂ ಹೊಗಳಿಕೆಯ ಶಾಸನವನ್ನು ಒಂಟಿಯಾಗಿ ನಂಬಬಾರದು ಎಂಬ ಮಾತು ಸುಳ್ಳಲ್ಲ. ಅದಕ್ಕೆ ಜೊತೆ ಸಾಕ್ಷಿ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಹರ್ಷನ ಸತ್ಕಾರ ಪಡೆದವನೇ, ಹರ್ಷನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲ ಎಂದು ಬರೆದಿದ್ದಾನೆ. ಎದುರು ಪಾಳಯದ ಸಾಕ್ಷಿಗೆ ತೂಕ ಹೆಚ್ಚು ಎಂಬುದನ್ನು 13 ವರ್ಷದ ಮಕ್ಕಳು ಸುಲಭವಾಗಿ ಹಿಡಿಯುತ್ತಾರೆ. ಇದನ್ನು ‘ವಿಶ್ಲೇಷಿಸುವರು’ ಎಂದು ಬರೆಯಬಹುದು, ಧೈರ್ಯವಾಗಿ.

ಕಟ್ಟಡಕ್ಕೆ ಪಟ್ಟದಕಲ್ಲಿನ ಎರಡು ಫೋಟೊ ಸಾಕು. ವಿರೂಪಾಕ್ಷ ದೇವಾಲಯದ ಶಿಖರ ಅಂತಸ್ತು ಅಂತಸ್ತಾಗಿ ಏರುತ್ತದೆ, ಗಳಗನಾಥದ್ದು ಬಾಗಿದ ಗೆರೆಯಾಗಿ ಮೇಲಕ್ಕೆ ಸರಿಯುತ್ತದೆ. ‘ದ್ರಾವಿಡ’, ‘ನಾಗರ’ ಎಂಬ ಹೆಸರು ಕೊನೆಗೆ ಹೇಳಿ. ಮೊದಲೇ ಹೇಳಿದರೆ ಮಕ್ಕಳು ನೋಡುವುದನ್ನು ಬಿಟ್ಟು ಬರೆದುಕೊಳ್ಳುತ್ತಾರೆ.

ಉತ್ತರ 3: ಭೂಗೋಳ ಮೇಷ್ಟ್ರು, ವಿಜಯಪುರ

ಅಕ್ಕಾರ, ಕೌಶಲ ಅಂದ್ರ ಬರೀ ನಕ್ಷೆ ತಿದ್ದೂದು ಅಂತ ಭಾಳ ಮಂದಿ ತಿಳ್ಕೊಂಡಾರ. ಮುಂದ ನಿಮಗ ಅಕ್ಷಾಂಶ, ರೇಖಾಂಶ, ಕಾಲದ ಪಾಠ ಬರ್ತದ. ಅವಾಗ ನೆರಳಿನ ಕೋಲು ನೆಡಿಸ್ರಿ. ಖರ್ಚು ಏನೂ ಇಲ್ಲ.

1 ಮೀಟರ್ ನೆಟ್ಟನ ಕೋಲು, ಮಟ್ಟಸ ನೆಲ. ದಾರಕ್ಕ ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟು ನೋಡ್ರಿ, ಕೋಲು ವಾಲಿದ್ರ ಎಲ್ಲಾ ಲೆಕ್ಕ ಕೆಡ್ತದ. ಕಡಿಮಿ ನೆರಳು ಬೀಳೂ ಹೊತ್ತೇ ನಮ್ಮೂರಿನ ಖರೇ ಮಧ್ಯಾಹ್ನ. ಆದ್ರ 12ರ ಆಸುಪಾಸು ನೆರಳು ಎಷ್ಟು ನಿಧಾನ ಬದಲಾಗ್ತದ ಅಂದ್ರ ಕಡಿಮಿ ಯಾವ್ದು ಅಂತ ಕಣ್ಣಿಗೆ ಹತ್ತೂದಿಲ್ಲ. ಅದಕ್ಕ 11 ಗಂಟೆಕ್ಕ ನೆರಳಿನ ತುದಿ ಗುರ್ತು ಮಾಡ್ರಿ, ಕೋಲಿನ ಬುಡಕ್ಕ ಹಗ್ಗ ಹಿಡಿದು ಆ ಅಳತಿಯ ವರ್ತುಲ ಎಳೀರಿ. ಮಧ್ಯಾಹ್ನ ಆದಮ್ಯಾಲೆ ನೆರಳಿನ ತುದಿ ಮತ್ತ ವರ್ತುಲಕ್ಕ ಯಾವಾಗ ಮುಟ್ಟತದ, ಆ ವ್ಯಾಳೆ ಬರಕೋರಿ. ಎರಡೂ ವ್ಯಾಳೆದ ನಟ್ಟನಡುವ ಬಂದದ್ದು ಖರೇ ಮಧ್ಯಾಹ್ನ. ಎರಡೂ ಗುರ್ತಿನ ನಡುವಿನ ಬಿಂದುವಿಂದ ಕೋಲಿನ ಬುಡಕ್ಕ ಗೆರಿ ಎಳೆದ್ರ ಅದೇ ಉತ್ತರ-ದಕ್ಷಿಣ.

ಈಗ ಲೆಕ್ಕ. ಭಾರತದ ಪ್ರಮಾಣ ಕಾಲದ ರೇಖಾಂಶ 82.5° ಪೂರ್ವ, ವಿಜಯಪುರ ಸುಮಾರು 75.7°. ಅಂತರ 6.8°. ಒಂದ್ ಡಿಗ್ರಿಗೆ 4 ನಿಮಿಷ ಅಂದ್ರ 27 ನಿಮಿಷ. ಸರಾಸರಿ ನಮ್ಮ ಮಧ್ಯಾಹ್ನ 12.27ಕ್ಕ. ಬೆಳಗಾವಿ 74.5°, ಅಲ್ಲೆ 12.32. ಆದ್ರ ವರ್ಷದುದ್ದಕ್ಕೂ ಹಂಗೇ ಇರೂದಿಲ್ಲ. ನವೆಂಬರ್ ಮೊದಲ ವಾರದಾಗ 16 ನಿಮಿಷ ಮೊದಲೇ, ಅಂದ್ರ ವಿಜಯಪುರದಾಗ 12.11ಕ್ಕ ಬರ್ತದ. ಫೆಬ್ರುವರಿ ನಡುವ 14 ನಿಮಿಷ ತಡ ಆಗ್ತದ. ಇದು ಗೊತ್ತಿಲ್ದ ಹೋದ್ರ ಮಕ್ಕಳ ಉತ್ತರ ಸರಿ ಇದ್ದಾಗೂ ತಪ್ಪು ಅಂತ ಕೆಂಪು ಗೆರಿ ಎಳೀತೀರಿ. ನವೆಂಬರ್ ಮೊದಲ ವಾರದಾಗ ಮಧ್ಯಾಹ್ನದ ನೆರಳು 64 ಸೆಂ.ಮೀ. ಆಸುಪಾಸು ಬರಬೇಕು.

ಇನ್ನ ನಮ್ಮ ಡೋಣಿ ಹೊಳಿ ಬಗ್ಗೆ ‘ಡೋಣಿ ಹರಿದ್ರ ಓಣಿಯೆಲ್ಲಾ ಜೋಳ’ ಅನ್ನೋ ಮಾತು ನಮ್ಮ ಕಡೆ ಮಕ್ಕಳ ಬಾಯಾಗೇ ಅದ. ಕರಿ ಮಣ್ಣು ನೀರು ಹಿಡಕೊಂಡು ಹಿಂಗಾರಿ ಜೋಳಕ್ಕ ಯಾಕ ಆಸರ ಆಗ್ತದ ಅನ್ನೂ ಪಾಠ ಅಲ್ಲಿಂದನ ಶುರು ಮಾಡ್ರಿ.

ಉತ್ತರ 4: ಶಿಕ್ಷಣ ಕಾಲೇಜು ಉಪನ್ಯಾಸಕಿ, ಬೆಳಗಾವಿ

ಮೇಲಿನವರ ಚಟುವಟಿಕೆಗಳು ಬಹಳ ಚೆನ್ನಾಗಿವೆ. ನಾನು ಯೋಜನೆ ಬರೆಯುವ ಕ್ರಮಕ್ಕೆ ಬರುತ್ತೇನೆ.

ಮೂರೂ ವಲಯ ಪ್ರತಿ ಪಾಠದಲ್ಲೂ ಇರಲೇಬೇಕೆಂಬ ನಿಯಮ ಇಲ್ಲ. ಘಟಕ ಯೋಜನೆಯಲ್ಲಿ ಮೂರೂ ಇರಲಿ, 40 ನಿಮಿಷದ ಪಾಠ ಯೋಜನೆಯಲ್ಲಿ ಒಂದೋ ಎರಡೋ ಇದ್ದರೆ ಸಾಕು. ತುರುಕಿದ ಸಾಲಿಗೆ ಎದುರಿನ ಚಟುವಟಿಕೆ ಕಾಲಂನಲ್ಲಿ ಏನೂ ಇರುವುದಿಲ್ಲ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಜ್ಞಾನಾತ್ಮಕ ವಲಯದ ವರ್ಗೀಕರಣ ಬ್ಲೂಮ್ ಮತ್ತು ಸಂಗಡಿಗರದು, 1956ರದ್ದು. ಭಾವಾತ್ಮಕ ವಲಯದ್ದು 1964ರಲ್ಲಿ ಬಂತು. 2001ರ ಪರಿಷ್ಕರಣೆಯಲ್ಲಿ ಮೆಟ್ಟಿಲುಗಳು ಸ್ಮರಿಸು, ಅರ್ಥೈಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪಿಸು, ಸೃಜಿಸು ಎಂದಾದವು. ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ನಾಲ್ಕೇ ಕಾಲಂ ಬಳಕೆಯಲ್ಲಿದೆ. 25 ಅಂಕದ ಘಟಕ ಪರೀಕ್ಷೆಗೆ 8, 10, 4, 3 ಎಂದು ಹಂಚಿ ನೋಡಿ. ಕೌಶಲದ 3 ಅಂಕ ಕಾಲರೇಖೆಗೆ ಇರಲಿ: ಪ್ರಮಾಣ ಬರೆದದ್ದಕ್ಕೆ 1, ಸರಿಯಾದ ಅಂತರಕ್ಕೆ 1, ಗುರುತು ಮತ್ತು ಹೆಸರಿಗೆ 1. ಹೀಗೆ ಒಡೆಯದಿದ್ದರೆ ಅಂದದ ಹಾಳೆಗೆ ಪೂರ್ತಿ ಅಂಕ ಹೋಗಿಬಿಡುತ್ತದೆ.

ಭಾವಾತ್ಮಕ ವಲಯಕ್ಕೆ ಈ ಕಾಲಂಗಳಲ್ಲಿ ಜಾಗವೇ ಇಲ್ಲ, ಇರಬಾರದು ಕೂಡ. ‘ಸ್ಮಾರಕಗಳನ್ನು ರಕ್ಷಿಸಬೇಕೇ?’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಎಲ್ಲರೂ ‘ಹೌದು’ ಎಂದು ಬರೆದು ಅಂಕ ಪಡೆಯುತ್ತಾರೆ. ಅಲ್ಲಿ ಅಳೆದದ್ದು ನೆನಪನ್ನು, ಮನೋಭಾವವನ್ನಲ್ಲ. ‘ಅಭಿಮಾನ ಬೆಳೆಸಿಕೊಳ್ಳುವರು’ ಎಂಬ ಸಾಲನ್ನು ಕಣ್ಣಿಗೆ ಕಾಣುವ ವರ್ತನೆಯಾಗಿ ಒಡೆಯಿರಿ: ಚರ್ಚೆಯಲ್ಲಿ ಎದುರು ಪಕ್ಷದ ಮಾತು ಪೂರ್ತಿ ಕೇಳುತ್ತಾರೆ, ತಮ್ಮ ಅಭಿಪ್ರಾಯಕ್ಕೆ ಕಾರಣ ಕೊಡುತ್ತಾರೆ, ಯಾರೂ ಹೇಳದೆಯೇ ಊರಿನ ವೀರಗಲ್ಲಿನ ಬಗ್ಗೆ ವಿಚಾರಿಸಿಕೊಂಡು ಬರುತ್ತಾರೆ. ಇದನ್ನು ಪರಿಶೀಲನಾ ಪಟ್ಟಿಯಲ್ಲಿ ದಿನಾಂಕದೊಂದಿಗೆ ಗುರುತಿಸಿ. ಒಂದೇ ದಿನ ನೋಡಿ ತೀರ್ಮಾನ ಬರೆಯಬೇಡಿ. ಅವಧಿಗೆ ಎಂಟು-ಹತ್ತು ಮಕ್ಕಳಂತೆ ಸರದಿಯಲ್ಲಿ ನೋಡಿದರೆ 40 ಮಕ್ಕಳ ತರಗತಿ ವಾರದೊಳಗೆ ಮುಗಿಯುತ್ತದೆ.

ಚರ್ಚೆಗೆ ವಿಷಯ ಬೇಕಾದರೆ ಐಹೊಳೆ ತೆಗೆದುಕೊಳ್ಳಿ. ಗುಡಿಗಳ ನಡುವೆಯೇ ಜನರ ಮನೆಗಳಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಕಲ್ಲಿನ ಗುಡಿ ಉಳಿಯಬೇಕು, ಆ ಮನೆಯವರೂ ಬದುಕಬೇಕು. ಇಲ್ಲಿ ಎರಡೂ ಕಡೆ ನ್ಯಾಯವಿದೆ, ಆದ್ದರಿಂದಲೇ ಮಕ್ಕಳು ನಿಜವಾಗಿ ಯೋಚಿಸುತ್ತಾರೆ. ಇತಿಹಾಸದ ಪಾಠ ಪೌರನೀತಿಗೆ ತಾನಾಗಿ ದಾಟುವುದೂ ಇಲ್ಲೇ. ಒಂದು ಎಚ್ಚರಿಕೆ: ನಿಮ್ಮ ಅಭಿಪ್ರಾಯ ಮೊದಲೇ ಹೇಳಬೇಡಿ, ಹೇಳಿದರೆ ಇಡೀ ತರಗತಿ ಅದನ್ನೇ ಒಪ್ಪಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕಾಲರೇಖೆ ಮತ್ತು ಐಹೊಳೆ ಚರ್ಚೆ ಎರಡನ್ನೂ ತೆಗೆದುಕೊಳ್ಳುತ್ತೇನೆ. ನನಗೆ ಸಿಕ್ಕಿರುವುದು 6 ಅವಧಿ ಮಾತ್ರ. ಪ್ರವಾಸಕ್ಕೆ ಅವಕಾಶ ಇಲ್ಲ, ಪ್ರೊಜೆಕ್ಟರ್ ಕೂಡ ಇಲ್ಲ. ಹೇಗೆ ಹಂಚಲಿ?

ಉತ್ತರ 2: ಇತಿಹಾಸ ಶಿಕ್ಷಕಿ, ಬಾದಾಮಿ ತಾಲ್ಲೂಕು

ಮೊದಲ ಅವಧಿಗೆ ನಕ್ಷೆ: ಮಲಪ್ರಭೆ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಮೇಲೆ ನರ್ಮದೆ, ಕೆಳಗೆ ಕಂಚಿ. ಹರ್ಷ ಮತ್ತು ಪಲ್ಲವರು ಯಾವ ದಿಕ್ಕಿನವರು ಎಂಬುದು ಇಲ್ಲೇ ಸ್ಪಷ್ಟವಾಗಲಿ. ಅರಸರ ಕಥನಕ್ಕೆ ಎರಡನೆಯದು. ಮೂರನೆಯದು ಪೂರ್ತಿ ಕಾಲರೇಖೆಗೆ ಬಿಡಿ, ಪ್ರಮಾಣ ಹಾಕುವುದಕ್ಕೇ 15 ನಿಮಿಷ ಹೋಗುತ್ತದೆ. ಎಲ್ಲರ ಬಳಿ ಅಳತೆಪಟ್ಟಿ ಇರುವುದಿಲ್ಲ, ಹಿಂದಿನ ದಿನವೇ ಹೇಳಿಡಿ. ನಾಲ್ಕರಲ್ಲಿ ಐಹೊಳೆ ಶಾಸನದ ಪ್ರಶ್ನೆ. ಐದರಲ್ಲಿ ಮೊದಲ 15 ನಿಮಿಷ ಶಿಖರಗಳ ಫೋಟೊ, ಉಳಿದದ್ದು ಚರ್ಚೆ. ಆರನೆಯದು ಪರೀಕ್ಷೆ.

ಪ್ರೊಜೆಕ್ಟರ್ ಬೇಡ. ಫೋಟೊಗಳನ್ನು ಎ4 ಹಾಳೆಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ, ನಾಲ್ಕು ಮಕ್ಕಳಿಗೆ ಒಂದು ಜೊತೆ ಕೊಡಿ. ಶಿಖರದ ಹೊರಗೆರೆಯನ್ನು ಪೆನ್ಸಿಲ್‌ನಿಂದ ಹಾಳೆಯ ಮೇಲೇ ತಿದ್ದಲಿ. ಗೆರೆ ಅಂತಸ್ತಿಗೊಂದು ಸಲ ಒಳಕ್ಕೆ ಮುರಿಯುತ್ತದೋ, ಬುಡದಿಂದ ತುದಿಗೆ ಒಂದೇ ಸಮನೆ ಬಾಗುತ್ತದೋ ಎಂಬುದು ಕೈಯಲ್ಲೇ ಗೊತ್ತಾಗುತ್ತದೆ. ಫೋಟೊ ಆರಿಸುವಾಗ ಶಿಖರ ಪೂರ್ತಿ ಕಾಣುವಂತೆ ಪಕ್ಕದಿಂದ ತೆಗೆದದ್ದನ್ನೇ ನೋಡಿಕೊಳ್ಳಿ, ಮುಂಭಾಗದ ಫೋಟೊದಲ್ಲಿ ಮಂಟಪ ಅಡ್ಡ ಬರುತ್ತದೆ.