ಟಾರ್ ಫೈಲ್ ಬಿಚ್ಚುವಾಗ ‘ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್’ ಎರರ್

ಪ್ರಶ್ನೆ: ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಆರ್ಕೈವ್ (ಟಾರ್ ಫೈಲ್) ಬಿಚ್ಚಲು ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟಾರ್ -ಎಕ್ಸ್‌ಜೆಡ್‌ಎಫ್’ ಕೊಟ್ಟರೆ ‘ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್’ ಅಂತ, ಅಂದರೆ ಜಿಜಿಪ್ ಎಂಬ ಕಂಪ್ರೆಷನ್ ವಿಧಾನದಲ್ಲಿಲ್ಲ ಅಂತ, ನಿಂತುಬಿಡುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ‘.ಟಾರ್.ಜಿಜೆಡ್’ ಇದೆ. ಕರ್ಲ್ ಎಂಬ ಡೌನ್‌ಲೋಡ್ ಕಮಾಂಡಿನಿಂದ ಎರಡು ಸಲ ಇಳಿಸಿದರೂ ಇದೇ ಗೋಳು.

ಉತ್ತರ 1: ಹೆಸರಿನ ಬಾಲವನ್ನು ನಂಬಬೇಡಿ, ಅದನ್ನು ಹೇಗೆ ಬೇಕಾದರೂ ಇಡಬಹುದು. ‘ಫೈಲ್’ ಎಂಬ ಕಮಾಂಡಿಗೆ ನಿಮ್ಮ ಫೈಲಿನ ಹೆಸರು ಕೊಟ್ಟು ನೋಡಿ. ಅದು ಒಳಗಿನ ಮೊದಲ ಬೈಟ್‌ಗಳನ್ನು ಓದಿ ಹೇಳುತ್ತದೆ: ಜಿಜಿಪ್ ಆದರೆ ಹೆಕ್ಸ್‌ನಲ್ಲಿ 1ಎಫ್ 8ಬಿ, ಜಿಪ್ ಆದರೆ ‘ಪಿಕೆ’ ಅಕ್ಷರಗಳು. ಎಕ್ಸ್‌ಜೆಡ್ ಅಥವಾ ಬಿಜಿಪ್2 (ಬೇರೆ ಕಂಪ್ರೆಷನ್ ವಿಧಾನಗಳು) ಅಂತ ಬಂದರೆ ‘ಜೆಡ್’ ಬಿಟ್ಟು ಬರೀ ‘ಟಾರ್ -ಎಕ್ಸ್‌ಎಫ್’ ಕೊಡಿ. ಗ್ನೂ ಟಾರ್ ತಾನೇ ಗುರುತಿಸುತ್ತದೆ. ಪೈಪ್‌ನಿಂದ (ಅಂದರೆ ಇನ್ನೊಂದು ಕಮಾಂಡಿನಿಂದ ನೇರವಾಗಿ) ಬರುವ ಡೇಟಾಗೆ ಮಾತ್ರ ಈ ಸೌಕರ್ಯವಿಲ್ಲ, ಅಲ್ಲಿ ಜಿಜಿಪ್ ಆದರೆ ‘ಜೆಡ್’ ಬೇಕೇ ಬೇಕು.

‘ಎಚ್‌ಟಿಎಂಎಲ್’ ಅಂತ ಬಂದರೆ ನಿಮಗೆ ಸಿಕ್ಕಿರುವುದು ಆರ್ಕೈವ್ ಅಲ್ಲ, ವೆಬ್ ಪುಟ. ಕರ್ಲ್ ತಾನಾಗಿ ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ಹೋಗಿ ಎಂಬ ಸೂಚನೆ) ಹಿಂಬಾಲಿಸುವುದಿಲ್ಲ. ದೊಡ್ಡಕ್ಷರದ ‘-ಎಲ್’ ಸೇರಿಸಿ. ಜೊತೆಗೆ ಸಣ್ಣ ‘-ಎಫ್’ ಹಾಕಿದರೆ 404 (ಫೈಲ್ ಸಿಗಲಿಲ್ಲ ಎಂಬ ಎರರ್ ಪುಟ) ಬಂದಾಗ ಆ ಪುಟವನ್ನೇ ಫೈಲಾಗಿ ಉಳಿಸುವುದೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು: ಎಚ್‌ಟಿಎಂಎಲ್ಲೇ ಆಗಿತ್ತು! ‘-ಎಲ್’ ಹಾಕಿ ಇಳಿಸಿದೆ. ಈಗ ಅರ್ಧ ಬಿಚ್ಚಿಕೊಂಡು ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಅನ್ನುತ್ತಿದೆ.

ಉತ್ತರ 1: ಡೌನ್‌ಲೋಡ್ ನಡುವೆ ಕಡಿದುಹೋಗಿದೆ. ‘ಜಿಜಿಪ್ -ಟಿ’ ಕೊಟ್ಟರೆ ಬಿಚ್ಚದೆಯೇ ಪರೀಕ್ಷಿಸಬಹುದು. ಅದೇ ಕರ್ಲ್ ಕಮಾಂಡಿಗೆ ದೊಡ್ಡ ‘-ಸಿ’, ಒಂದು ಸ್ಪೇಸ್, ಮತ್ತೊಂದು ಹೈಫನ್ ಸೇರಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಹಳೆಯ ಎಚ್‌ಟಿಎಂಎಲ್ ಫೈಲಿನ ಮೇಲೆ ಇದನ್ನು ಪ್ರಯೋಗಿಸಬೇಡಿ, ಪುಟದ ಬಾಲಕ್ಕೆ ಆರ್ಕೈವ್ ಅಂಟಿಕೊಳ್ಳುತ್ತದೆ. ಮುಗಿದ ಮೇಲೆ ‘ಶಾ256ಸಮ್’ ಕಮಾಂಡ್ ಕೊಡುವ ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಫೈಲ್ ಕೊಟ್ಟವರು ಪ್ರಕಟಿಸಿದ ಮೊತ್ತದೊಂದಿಗೆ ಹೋಲಿಸಿ. ಅರ್ಧ ಬಿಚ್ಚಿದ ಫೋಲ್ಡರನ್ನು ಅಳಿಸಿಯೇ ಮತ್ತೆ ಬಿಚ್ಚಿ. ಅದರ ಕೊನೆಯ ಫೈಲು ತುಂಡಾಗಿರುವ ಸಾಧ್ಯತೆ ಹೆಚ್ಚು.

ಉತ್ತರ 2: ಒಂದು ಸೇರ್ಪಡೆ. ‘-ಎಕ್ಸ್‌ಎಫ್‌ಜೆಡ್’ ಅಂತ ಅಕ್ಷರ ಅದಲುಬದಲು ಮಾಡಿದರೆ ‘ಎಫ್’ ಆದ ಮೇಲಿನ ‘ಜೆಡ್’ ಅನ್ನೇ ಟಾರ್ ಫೈಲಿನ ಹೆಸರು ಅಂದುಕೊಂಡು, ಅಂಥ ಫೈಲೇ ಇಲ್ಲ ಅನ್ನುತ್ತದೆ. ತಮಾಷೆಯೆಂದರೆ ಹೈಫನ್ ತೆಗೆದು ‘ಎಕ್ಸ್‌ಎಫ್‌ಜೆಡ್’ ಅಂತಲೇ ಬರೆದರೆ ಕೆಲಸ ಮಾಡುತ್ತದೆ, ಅದು ಹಳೆಯ ಶೈಲಿ. ‘ಎಫ್’ ಕೊನೆಗಿಡುವ ಅಭ್ಯಾಸ ಮಾಡಿಕೊಂಡರೆ ಈ ತಲೆನೋವಿಲ್ಲ.

ಬಿಚ್ಚುವ ಮುಂಚೆ ‘ಟಾರ್ -ಟಿಎಫ್’ ಕೊಟ್ಟು ಪಟ್ಟಿ ನೋಡಿ. ಎಲ್ಲ ಒಂದೇ ಫೋಲ್ಡರಿನೊಳಗೆ ಇಲ್ಲದಿದ್ದರೆ ನೂರಾರು ಫೈಲು ನೀವಿರುವ ಜಾಗದಲ್ಲೇ ಚೆಲ್ಲಾಡುತ್ತವೆ, ಅದೇ ಹೆಸರಿನವು ಮೊದಲೇ ಇದ್ದರೆ ಕೇಳದೆ ಅಳಿಸಿ ಬರೆಯುತ್ತದೆ. ಅಂಥದ್ದಕ್ಕೆ ಖಾಲಿ ಫೋಲ್ಡರ್ ಮಾಡಿ, ಕಮಾಂಡಿನ ಕೊನೆಗೆ ದೊಡ್ಡ ‘-ಸಿ’ ಮತ್ತು ಆ ಫೋಲ್ಡರಿನ ಹೆಸರು ಕೊಡಿ. ಫೋಲ್ಡರ್ ಮೊದಲೇ ಇರಬೇಕು, ಟಾರ್ ಅದನ್ನು ಸೃಷ್ಟಿಸುವುದಿಲ್ಲ.

ಪ್ರಶ್ನೆ ಕೇಳಿದವರು: ಮೊತ್ತ ತಾಳೆಯಾಯಿತು, ಪೂರ್ತಿ ಬಿಚ್ಚಿತು.